ನಿಮಿಷಕ್ಕೆ ನಲವತ್ತನಾಲ್ಕು

12 ನವೆಂಬರ್ 2007, ಸೋಮವಾರ. ಬೆಳಿಗ್ಗೆ 5.40

ಮತ್ತೆ ಎದೆ ಬಿಗಿ. ಇನ್‌ಹೇಲರ್ ಎರಡು ಸಲ ಎಳೆದೆ. ಪಕ್ಕದಲ್ಲಿ ಜಾಗ ಖಾಲಿ. ಹಾಲ್‌ನಲ್ಲಿ ಟಾರ್ಚ್ ಬೆಳಕು. ಇವರು ಗಾಜಿನ ಪೆಟ್ಟಿಗೆ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ಪ್ರಾಣಿಯ ಉಸಿರು ಕೇಳಿಸಿಕೊಳ್ಳುತ್ತಿದ್ದಾರೆ. ನಾನು ನಾಲ್ಕು ಸಲ ಕೆಮ್ಮಿದೆ. ಐದನೆಯದನ್ನು ಬೇಕೆಂದೇ ಜೋರಾಗಿ ಕೆಮ್ಮಿದೆ. ಮೆಲ್ಲಗೆ ಕೆಮ್ಮು, ಅದು ಬೆಚ್ಚಿಬೀಳುತ್ತೆ ಅಂದರು.

ಅದು ಬೆಚ್ಚಿಬೀಳುತ್ತದಂತೆ.

ಬಂದು ಇಪ್ಪತ್ತು ದಿನ ಆಯಿತು. ಇವರ ಫ್ಯಾಕ್ಟರಿಗೆ ಹೊಸ ಬಾಯ್ಲರ್ ಕೂರಿಸಲು ಬಂದಿದ್ದ ಜರ್ಮನ್ ಸಾಹೇಬ ಊರಿಗೆ ವಾಪಸ್ ಹೋಗುವಾಗ ಕೊಟ್ಟುಹೋದ. ಇವರು ಅಲ್ಲಿ ಬಾಯ್ಲರ್ ಆಪರೇಟರ್. ಎರಡು ವರ್ಷ ಜೊತೆಯಲ್ಲಿ ಕೆಲಸ ಮಾಡಿದವರಿಗೆ ಜನ ಪೆನ್ನು ಕೊಡುತ್ತಾರೆ, ಗೋಡೆ ಗಡಿಯಾರ ಕೊಡುತ್ತಾರೆ. ಈ ಪುಣ್ಯಾತ್ಮ ಇದನ್ನು ಕೊಟ್ಟ. ಬಿಯರ್ಡೆಡ್ ಡ್ರ್ಯಾಗನ್ ಅಂತೆ, ಆಸ್ಟ್ರೇಲಿಯಾ ಕಡೆಯದಂತೆ. ಮೊಳದುದ್ದ, ಮಣ್ಣಿನ ಬಣ್ಣ, ಗಂಟಲ ಕೆಳಗೆ ಮುಳ್ಳುಮುಳ್ಳು ಗಡ್ಡ. ಹೆಸರು ಓಟ್ಟೊ. ವಯಸ್ಸು ಮೂರು. ಅತ್ತೆ ಮೊದಲ ದಿನವೇ ನೋಡಿ, 'ಇದು ನಮ್ ಬೇಲಿ ಓತಿಕ್ಯಾತನೇ ಕಣವ್ವ, ಚೆನ್ನಾಗ್ ತಿಂದು ಊದ್ಕಂಡದೆ' ಅಂದರು. ಅಲ್ಲಿಗೆ ಮುಗಿಯಬೇಕಿತ್ತು.

15 ನವೆಂಬರ್, ಗುರುವಾರ

ಲಸಿಕೆ ದಿನ. ದೇವನೂರು ಸಬ್‌ಸೆಂಟರ್‌ನಲ್ಲಿ ಮೂವತ್ತೊಂದು ಮಕ್ಕಳು. ಒಂದೇ ಅಳು, ಒಂದೇ ಗದ್ದಲ. ಅದರಲ್ಲಿ ಒಂದೂವರೆ ವರ್ಷದ ಕೂಸೊಂದಕ್ಕೆ ಕೆಮ್ಮು, ಪಕ್ಕೆ ಸೆಳೆತ. ಅಂಗಿ ಎತ್ತಿ, ವಾಚು ಹಿಡಿದು, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. ಐವತ್ತೆರಡು. ವರ್ಷ ತುಂಬಿದ ಮಗುವಿಗೆ ನಲವತ್ತು ಮುಟ್ಟಿದರೆ ನ್ಯುಮೋನಿಯಾ ಅಂತಲೇ ಹಿಡಿಯಬೇಕು. ಕೋಟ್ರಿಮಾಕ್ಸಜೋಲ್ ಮೊದಲ ಡೋಸ್ ಕುಡಿಸಿ ನಂಜನಗೂಡು ಆಸ್ಪತ್ರೆಗೆ ಕಳಿಸಿದೆ. ಸಿಸ್ಟರ್ ಕೆಲಸಕ್ಕೆ ಸೇರಿ ಹದಿನೆಂಟು ವರ್ಷ. ಎಣಿಕೆಯಲ್ಲಿ ಒಂದು ಸಲವೂ ತಪ್ಪಿದವಳಲ್ಲ.

ಮನೆಗೆ ಬಂದರೆ ಇವರು ಬಾಗಿಲಲ್ಲೇ ಕಾಯುತ್ತಿದ್ದಾರೆ. ನನ್ನನ್ನಲ್ಲ, ವಾಚನ್ನು. ಓಟ್ಟೊ ಬಲ್ಬಿನ ಕೆಳಗೆ ಬಾಯಿ ತೆರೆದುಕೊಂಡು ಕೂರುತ್ತದಂತೆ. ಉಬ್ಬಸ ಇರಬೇಕು ಅಂತ ಇವರ ಅನುಮಾನ. 'ಸೆಕೆಂಡ್ ಮುಳ್ಳಿರೋದು ನಿನ್ ವಾಚಲ್ಲೇ ಕಣೆ. ಇಲ್ಲಾಂದ್ರೆ ನೀನೇ ಬಂದು ಒಂದ್ಸಲ ಎಣಿಸ್ಕೊಡು. ನಿಂಗ್ ಅಭ್ಯಾಸ ಅದೆಯಲ್ಲ' ಅಂದರು.

ವಾಚು ಬಿಚ್ಚಿ ಕೊಟ್ಟೆ. ಎಣಿಸಿಕೊಡಲಿಲ್ಲ. ಉಬ್ಬಸ ಅಂದರೆ ಏನು ಅಂತ ಹುಡುಕಿಕೊಂಡು ಪೆಟ್ಟಿಗೆಯವರೆಗೂ ಹೋಗಬೇಕಾ? ಹತ್ತು ವರ್ಷದಿಂದ ಪಕ್ಕದಲ್ಲೇ ಮಲಗಿದೆ. ನನ್ನ ಎದೆಯನ್ನು ಒಂದು ದಿನ ಎಣಿಸಿದವರಿಗೆ ಎಣಿಸಿಕೊಡುತ್ತೇನೆ. ಇದನ್ನೆಲ್ಲ ಬಾಯಲ್ಲಿ ಹೇಳಲಿಲ್ಲ. ಸಾರು ಉಕ್ಕುತ್ತಿದೆ ಅಂತ ಹೇಳಿ ಒಳಗೆ ಹೋದೆ.

ಮಗಳು ಸಂಘಮಿತ್ರಾ ಮೈಸೂರು ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ರಫ್ ಬುಕ್ ಇತ್ತಲ್ಲ, ಅದರಲ್ಲಿ ಬರೆಯಲು ಶುರು ಮಾಡಿದ್ದಾರೆ. ಮೊದಲ ಸಾಲು: 15/11, ಸಂಜೆ 6.30 — 24.

19 ನವೆಂಬರ್

ನಿನ್ನೆ ಅದನ್ನು ಟಿ. ನರಸೀಪುರಕ್ಕೆ ಕರೆದುಕೊಂಡು ಹೋಗಿದ್ದರು. ಬುಟ್ಟಿಯಲ್ಲಿಟ್ಟು, ಟಿವಿಎಸ್ ಮೇಲೆ. ಚಳಿಗಾಳಿ ತಾಗಬಾರದು ಅಂತ ಸುತ್ತಿದ್ದು ನನ್ನ ಉಲ್ಲನ್ ಶಾಲು. ಕೇಳಲೂ ಇಲ್ಲ.

ಅಲ್ಲಿ ಪಶು ಆಸ್ಪತ್ರೆಗೆ ಹೊಸದಾಗಿ ಬಂದಿರುವ ಡಾಕ್ಟರ್ ಮೇಘನಾ. ಹಾವು, ಹಲ್ಲಿ, ಆಮೆ — ಎಲ್ಲದರ ವೈದ್ಯ ಗೊತ್ತಂತೆ. ಭಾನುವಾರವಾದರೂ ಬಾಗಿಲು ತೆಗೆಸಿ ನೋಡಿದರಂತೆ. ಗಾಬರಿಯಾಗುವಂಥದ್ದು ಏನೂ ಇಲ್ಲ, ಬೆಚ್ಚಗಿಡಿ, ಉಸಿರು ಎಣಿಸಿ ಬರೆದಿಡಿ, ಜಾಸ್ತಿ ಆದರೆ ಫೋನ್ ಮಾಡಿ ಅಂದರಂತೆ. ಫೋನ್ ನಂಬರ್ ಅವರೇ ಕೊಟ್ಟರಂತೆ. 'ಎಷ್ಟ್ ಸಾವಧಾನ ಗೊತ್ತಾ ಆ ಮೇಡಂಗೆ' ಅಂತ ಇವರು. ಊಟ ಮುಗಿಯುವಷ್ಟರಲ್ಲಿ 'ಮೇಡಂ' ಹನ್ನೊಂದು ಸಲ. ಅದನ್ನು ಮಾತ್ರ ಎಣಿಸಿದೆ.

ಅತ್ತೆ ನನ್ನ ಮುಖ ನೋಡಿ ನಕ್ಕು, ಆ ಹುಡುಗಿಗೆ ಮದುವೆ ಆಗಿದೆಯಾ ಅಂತ ಮಗನನ್ನು ಕೇಳಿದರು. ಮುದುಕಿಗೆ ತಮಾಷೆ.

ಪೆಟ್ಟಿಗೆಯ ಮೇಲೆ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾರೆ. ಕೆಂಪು ಇಂಕು, ಇವರ ದುಂಡನೆ ಅಕ್ಷರ. ತಲೆಬರಹ: 'ಮೇಘನಾ ಮೇಡಂ ಹೇಳಿದ್ದು'. ಕೆಳಗೆ ಆರೋ ಏಳೋ ಸಾಲು. ಓದಲಿಲ್ಲ. ಓದುವುದೂ ಇಲ್ಲ. ನನ್ನ ಮನೆಯ ಗೋಡೆ, ಅವಳ ಹೆಸರು.

26 ನವೆಂಬರ್. ಸಂಜೆ

ಈ ದಿನ ಕಣ್ಣಾರೆ ಕಂಡದ್ದನ್ನು ಬರೆದಿಡಬೇಕು. ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ. ಇವರು ಈಳಿಗೆಮಣೆ ಮುಂದೆ ಕೂತು ದಂಟಿನ ಸೊಪ್ಪು ಹೆಚ್ಚುತ್ತಿದ್ದರು. ಸಣ್ಣಗೆ, ಕೂದಲೆಳೆಯಷ್ಟು ಸಣ್ಣಗೆ. ಮದುವೆಯಾಗಿ ಹತ್ತೊಂಬತ್ತು ವರ್ಷ, ಒಂದು ಈರುಳ್ಳಿ ಸುಲಿದವರಲ್ಲ. ನಾನು ಹೆರಿಗೆಯಾಗಿ ಮಲಗಿದ್ದಾಗಲೂ ಹೋಟೆಲಿನಿಂದ ಇಡ್ಲಿ ತಂದವರು. ಈಗ ಓಟ್ಟೊಗೆ ದಪ್ಪ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳಬಾರದಂತೆ.

ಅದು ತಿನ್ನುವುದನ್ನು ನೋಡುತ್ತಾ ಕೂತಿದ್ದರು. ಮುಖದಲ್ಲಿ ಎಂಥ ಸಮಾಧಾನ. ಆ ಮುಖವನ್ನು ಮಗಳು ಹುಟ್ಟಿದಾಗ ಒಂದು ಸಲ ನೋಡಿದ್ದೆ. ಒಂದು ಓತಿಕ್ಯಾತನ ಮೇಲೆ ಹೊಟ್ಟೆಕಿಚ್ಚು, ನಲವತ್ತೊಂದು ವರ್ಷದ ಹೆಂಗಸಿಗೆ. ಯಾರಿಗಾದರೂ ಹೇಳಿಕೊಳ್ಳುವುದಕ್ಕೂ ಆಗುವುದಿಲ್ಲ.

ನೋಟ್‌ಬುಕ್ಕಿನಲ್ಲಿ 28, 30. ಬಾಯಿ ತೆರೆಯುವುದು ಜಾಸ್ತಿಯಾಗಿದೆಯಂತೆ. ಚಳಿಗೆ ಹೀಗೆ ಅಂತ ಅರವತ್ತರ ಬಲ್ಬ್ ತೆಗೆದು ನೂರರದ್ದು ಹಾಕಿದರು.

6 ಡಿಸೆಂಬರ್, ಗುರುವಾರ. ರಾತ್ರಿ 9

ಅಂಬೇಡ್ಕರ್ ಭವನದಲ್ಲಿ ಬಾಬಾಸಾಹೇಬರ ಪರಿನಿಬ್ಬಾಣದ ಕಾರ್ಯಕ್ರಮ. ಸಂಜೆ ನನ್ನದೊಂದು ಐದು ನಿಮಿಷದ ಮಾತು. ತಿಂಗಳ ಹಿಂದೆಯೇ ಹೇಳಿದ್ದೆ. ಖಂಡಿತ ಬರುತ್ತೇನೆ, ಮುಂದಿನ ಸಾಲಲ್ಲೇ ಕೂರುತ್ತೇನೆ ಅಂದಿದ್ದರು. ಮಾತು ಶುರು ಮಾಡುವ ಮೊದಲು ಮೂರು ಸಲ ಬಾಗಿಲ ಕಡೆ ನೋಡಿದೆ. ಎಲ್ಲರೂ ಇದ್ದರು. ಹೆಮ್ಮರಗಾಲದಿಂದ ರಾಚಯ್ಯ ಮಾವ ಕೋಲೂರಿಕೊಂಡು ಬಂದಿದ್ದರು. ಇವರಿಲ್ಲ.

ಮನೆಯಲ್ಲಿ ಕರೆಂಟ್ ಇರಲಿಲ್ಲ. ಮೇಣದಬತ್ತಿ ಹಚ್ಚಿಕೊಂಡು, ನನ್ನ ಬಿಸಿನೀರಿನ ಬ್ಯಾಗ್ ಮೇಲೆ ಓಟ್ಟೊನ ಮಲಗಿಸಿಕೊಂಡು ಕೂತಿದ್ದರು. ನಾನು ಎದೆಗೆ ಇಟ್ಟುಕೊಳ್ಳುವ ಬ್ಯಾಗ್. ಕರೆಂಟ್ ಹೋಯಿತು, ಬಿಟ್ಟು ಹೇಗೆ ಬರಲಿ ಅಂದರು. ನಾನು ಏನು ಮಾತಾಡಿದೆ ಅಂತ ಕೇಳಲಿಲ್ಲ. ಚಪ್ಪಲಿ ಕಳಚಿ ಸೀದಾ ಮಲಗಿದೆ. ಅತ್ತೆ ತಟ್ಟೆ ಹಿಡಿದು ಬಂದು ಎರಡು ತುತ್ತು ಬಲವಂತವಾಗಿ ತಿನ್ನಿಸಿದರು.

12 ಡಿಸೆಂಬರ್

ನಿನ್ನೆ 40. ಇವತ್ತು 42. ಈಗ ಎರಡೆರಡು ಬಲ್ಬ್. ಇವರು ಸರಿಯಾಗಿ ಊಟ ಮಾಡುತ್ತಿಲ್ಲ. ಮೇಡಂಗೆ ಫೋನ್ ಮಾಡಿ ನಂಬರ್ ಓದಿ ಹೇಳಿದರು. ಅಷ್ಟು ಏರಿದ್ದರೆ ಭಾನುವಾರ ಕರೆದುಕೊಂಡು ಬನ್ನಿ, ನೋಡಿ ಬೇಕಾದರೆ ಇಂಜೆಕ್ಷನ್ ಶುರು ಮಾಡೋಣ ಅಂದರಂತೆ. ಫೋನ್ ಇಟ್ಟ ಮೇಲೆ ಅರ್ಧ ಜೀವ ಬಂದ ಹಾಗೆ ಉಸಿರುಬಿಟ್ಟರು. ಮೇಡಂ ಇದ್ದಾರಲ್ಲ, ಇನ್ನೇನು.

ಅತ್ತೆಗೆ ಅತ್ತೆಯದೇ ವೈದ್ಯ. ದಿನಾ ಒಂದೇ ಪಲ್ಲವಿ: ಓಂಕಾಳು ಕುದಿಸಿ ಆ ನೀರು ಎರಡು ತೊಟ್ಟು ಬಾಯಿಗೆ ಬಿಡು, ಕಫ ಕಿತ್ತುಕೊಂಡು ಹೋಗುತ್ತೆ. ಇವರು ರೇಗಿದರು. ಪೆಟ್ಟಿಗೆ ಹತ್ತಿರ ಬರಬೇಡ ಅಂದುಬಿಟ್ಟರು ಹೆತ್ತ ತಾಯಿಗೆ.

13 ಡಿಸೆಂಬರ್, ಗುರುವಾರ. ಸಂಜೆ 6.15

ಕೈ ತೊಳೆದವಳೇ ಬರೆಯಲು ಕೂತಿದ್ದೇನೆ. ಖುಷಿಗೋ ಭಯಕ್ಕೋ ಗೊತ್ತಿಲ್ಲ.

ಇವರದು ಬಿ ಶಿಫ್ಟ್, ಬರುವುದು ಹತ್ತೂವರೆಗೆ. ನಾನು ದೇವನೂರಿನಿಂದ ಬಂದಾಗ ಅತ್ತೆ ಪಕ್ಕದ ಮನೆ ಕೆಂಪಾಜಮ್ಮನ ಹತ್ತಿರ ಮಾತಿಗೆ ಕೂತಿದ್ದರು. ಪೆಟ್ಟಿಗೆಯ ಮೇಲೆ ನೋಟ್‌ಬುಕ್ ತೆರೆದೇ ಇತ್ತು. ಮಧ್ಯಾಹ್ನ 1.00 — 44. ಅಡಿಯಲ್ಲಿ ಎರಡು ಗೆರೆ ಎಳೆದಿದ್ದಾರೆ. ಒಳಗೆ ಅದು ಬಾಯಿ ಅಗಲವಾಗಿ ತೆರೆದುಕೊಂಡು ಕೂತಿದೆ.

ನಲವತ್ತನಾಲ್ಕು. ವಯಸ್ಸು ಮೂರು. ನಲವತ್ತು ದಾಟಿದೆ. ಸಬ್‌ಸೆಂಟರ್‌ಗೆ ಇಂಥದ್ದು ಬಂದಿದ್ದರೆ ಭಾನುವಾರದವರೆಗೂ ಕಾಯುತ್ತಿದ್ದೆನಾ?

ಭಾನುವಾರ ಆ ಮೇಡಂ ಸೂಜಿ ಹಾಕುತ್ತಾಳೆ. ಗುಣವಾಗುತ್ತದೆ. ಆಮೇಲೆ ಜೀವನಪೂರ್ತಿ ಈ ಮನೆಯಲ್ಲಿ ಅವಳದೇ ಹೆಸರು. ಅದೇ ನಾನು ಗುಣಮಾಡಿದರೆ? ಭಾನುವಾರದ ಹೊತ್ತಿಗೆ ಎಣಿಕೆ ಇಪ್ಪತ್ತಕ್ಕೆ ಇಳಿದಿದ್ದರೆ? ಇವರು ನೋಟ್‌ಬುಕ್ ಹಿಡಿದುಕೊಂಡು ನನ್ನ ಹತ್ತಿರ ಬರಬೇಕು. ಏನು ಮಾಡಿದೆ ರಂಜಿನಿ ಅಂತ ಕೇಳಬೇಕು. ಆಗ ನಿಧಾನಕ್ಕೆ ಹೇಳಬೇಕು.

ಕಿಟ್‌ನಿಂದ ಮಕ್ಕಳ ಕೋಟ್ರಿಮಾಕ್ಸಜೋಲ್ ತೆಗೆದೆ. ಕಾಲು ಮಾತ್ರೆ ಪುಡಿ ಮಾಡಿ ಬಿಸಿನೀರಲ್ಲಿ ಕದಡಿದೆ. ಸಂಘಮಿತ್ರಾಗೆ ಕುಡಿಸುತ್ತಿದ್ದ ಹಿತ್ತಾಳೆ ಒಳಲೆ ಅಟ್ಟದ ಮೇಲಿತ್ತು, ಇಳಿಸಿ ತೊಳೆದೆ. ಕೂಸನ್ನು ಹಿಡಿಯುವ ಹಾಗೆಯೇ ಹಿಡಿದೆ. ತಲೆ ಎಡ ಮೊಣಕೈ ಮೇಲೆ, ಎರಡು ಬೆರಳಲ್ಲಿ ದವಡೆ ಅದುಮಿ, ಒಳಲೆಯ ಮೂತಿಯನ್ನು ನಾಲಿಗೆ ಹಿಂದಕ್ಕೆ ತಳ್ಳಿ ಸುರಿದೆ. ಸಾವಿರ ಮಕ್ಕಳಿಗೆ ಕುಡಿಸಿದ ಕೈ. ಮೊದಲು ಉಗುಳಿತು. ಇನ್ನೊಂದು ಸಲ ಸುರಿದೆ. ಬುಳಕ್ ಅಂತ ಸದ್ದಾಯಿತು, ಒಳಗೆ ಹೋಯಿತು.

ಅದನ್ನು ಮುಟ್ಟಿದ್ದು ಇದೇ ಮೊದಲು. ತಣ್ಣಗಿರುತ್ತದೆ ಅಂದುಕೊಂಡಿದ್ದೆ. ಬೆಚ್ಚಗಿತ್ತು. ಪೆಟ್ಟಿಗೆಗೆ ವಾಪಸ್ ಬಿಡುವಾಗ ನನ್ನ ಕಿರುಬೆರಳನ್ನು ಹಿಡಿದುಕೊಂಡಿತು, ಬಿಡಿಸಿಕೊಳ್ಳಬೇಕಾಯಿತು.

14 ಡಿಸೆಂಬರ್. ಬೆಳಿಗ್ಗೆ 6

ಗಡ್ಡ ಕಪ್ಪಾಗಿದೆ. ಇದ್ದಿಲಿನ ಕಪ್ಪು. ಮೂಗಿನ ತುದಿಯಲ್ಲಿ ನೊರೆ. ಕತ್ತು ಮೇಲೆತ್ತಿ ಗಾಳಿಯನ್ನು ಅಗಿಯುತ್ತಿದೆ. ಇವರು ಮುಖ ಕೂಡ ತೊಳೆಯದೆ ಬುಟ್ಟಿಯಲ್ಲಿಟ್ಟುಕೊಂಡು ಟಿವಿಎಸ್ ಹತ್ತಿದರು. ಶಾಲನ್ನು ಈ ಸಲ ನಾನೇ ಕೊಟ್ಟೆ.

ಅವರು ಹೋದ ಮೇಲೆ ಗೋಡೆಯ ಹಾಳೆ ಓದಿದೆ. ನಾಲ್ಕನೇ ಸಾಲು: 'ಬಾಯಿಗೆ ನೀರು, ಔಷಧ ಸುರಿಯಬಾರದು. ಶ್ವಾಸನಾಳ ನಾಲಿಗೆ ಬುಡದಲ್ಲೇ ಇದೆ. ಮೂಗಿನ ಮೇಲೆ ಒಂದು ಹನಿ ಇಟ್ಟರೆ ತಾನೇ ನೆಕ್ಕಿಕೊಳ್ಳುತ್ತದೆ.' ಅಡಿಗೆರೆ ಬೇರೆ ಎಳೆದಿದ್ದಾರೆ.

ಇಪ್ಪತ್ತೈದು ದಿನದಿಂದ ಈ ಗೋಡೆಯ ಮುಂದೆ ಓಡಾಡಿದ್ದೇನೆ. ಕಸ ಗುಡಿಸಿದ್ದೇನೆ. ಓದಲಿಲ್ಲ.

14 ಡಿಸೆಂಬರ್. ಸಂಜೆ

ಆಸ್ಪತ್ರೆಯ ಮೇಜಿನ ಮೇಲೆಯೇ ಹೋಯಿತಂತೆ. ಅಲ್ಲೇ ಕುಯ್ದು ನೋಡಿದರಂತೆ. ಶ್ವಾಸಕೋಶದಲ್ಲಿ ನೀರು, ಬಿಳಿಯ ಹಿಟ್ಟಿನಂಥದ್ದು. ಯಾರೋ ಏನೋ ಸುರಿದಿದ್ದಾರೆ ಅಂದರಂತೆ ಮೇಘನಾ. ಬೈಯಲಿಲ್ಲವಂತೆ. ಅವರಿಗೂ ಅಳು ಬಂತಂತೆ.

ಇವರು ನಡುಮನೆಯಲ್ಲಿ ನಿಂತುಕೊಂಡೇ ಕೇಳಿದರು. ಧ್ವನಿ ಏರಿಸಲಿಲ್ಲ.

'ಯಾರ್ ಕುಡ್ಸಿದ್ದು?'

ಅತ್ತೆ ಅಕ್ಕಿ ಆರಿಸುತ್ತಿದ್ದರು. ಒಂದು ಸಲ ನನ್ನ ಕಡೆ ನೋಡಿದರು. ಮೊರ ಕೆಳಗಿಟ್ಟರು.

'ನಾನೇ ಕಣ್ಲಾ ಸಿದ್ದ. ಓಂಕಾಳ್ ನೀರು.'

ಇವರು ಪೆಟ್ಟಿಗೆಯ ಸ್ವಿಚ್ ಆರಿಸಿ ಹೊರಗೆ ಹೋದರು. ನಾನು ಕೂತಲ್ಲೇ ಕೂತಿದ್ದೆ. ಹೇಳಬೇಕಿತ್ತು. ಆ ಕ್ಷಣಕ್ಕೆ ಹೇಳಬೇಕಿತ್ತು.

19 ಡಿಸೆಂಬರ್

ಐದು ದಿನ ಬರೆಯಲಿಲ್ಲ. ಇವರು ಅತ್ತೆಯ ಹತ್ತಿರ ಮಾತು ಬಿಟ್ಟಿದ್ದಾರೆ. ಅತ್ತೆ ಬಡಿಸಿದರೆ ತಟ್ಟೆ ಸರಿಸಿ ತಾವೇ ಬಡಿಸಿಕೊಳ್ಳುತ್ತಾರೆ. ಅತ್ತೆ ಬಟ್ಟೆ ಗಂಟು ಕಟ್ಟಿದ್ದಾರೆ. ಹೆಮ್ಮಿಗೆಯಲ್ಲಿರುವ ಚಿಕ್ಕ ಮಗ ಚಿಕ್ಕಮಾದು ಹತ್ತಿರ ಹೋಗಿ ಸ್ವಲ್ಪ ದಿನ ಇದ್ದು ಬರುತ್ತಾರಂತೆ.

ಹಿತ್ತಲಲ್ಲಿ ಹಿಡಿದುಕೊಂಡು ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಅಂತ. ಒಗೆಯುವ ಕಲ್ಲಿನ ಮೇಲೆ ಒಳಲೆ ಒಣಗುತ್ತಿದ್ದುದನ್ನು ಅವತ್ತೇ ನೋಡಿದ್ದರಂತೆ.

'ನನ್ ಮ್ಯಾಗಿನ್ ಸಿಟ್ಟು ಅವ್ನಿಗೆ ಎಷ್ಟ್ ದಿನ ಇದ್ದಾತು? ತಾಯಿ ಮ್ಯಾಗಿನ್ ಸಿಟ್ಟು ಇಳೀತದೆ. ನಿನ್ ಮ್ಯಾಗ್ ಬಂದ್ರೆ ಒಳಿಕ್ ಇಟ್ಕತನೆ, ಈಚಿಕ್ ಆಕಕಿಲ್ಲ' ಅಂದರು.

ಕಾಲಿಗೆ ಬೀಳಬೇಕಿತ್ತು. ಅದರ ಬದಲು ನನಗೆ ಏನು ಅನ್ನಿಸಿತು ಅಂತ ಬರೆಯುತ್ತೇನೆ, ಓದುವವರು ಯಾರೂ ಇಲ್ಲವಲ್ಲ. ಇಳಿದುಹೋಗುವಂಥ ಸಿಟ್ಟು ಅತ್ತೆಗೆ ಸಿಗುತ್ತದೆ, ನನಗೆ ಸಿಗುವುದಿಲ್ಲ ಅಂತ ಅದಕ್ಕೂ ಹೊಟ್ಟೆ ಉರಿಯಿತು. ಥೂ ನನ್ನ ಜನ್ಮಕ್ಕೆ.

20 ಡಿಸೆಂಬರ್, ಗುರುವಾರ. ಸಂಜೆ 7.30

ಹೇಳಿಬಿಟ್ಟೆ.

ಡ್ಯೂಟಿಯಿಂದ ಬಂದವಳು ಬ್ಯಾಗ್ ಕೂಡ ಇಳಿಸಲಿಲ್ಲ. ಇವರು ಖಾಲಿ ಪೆಟ್ಟಿಗೆಯ ಗಾಜು ಒರೆಸುತ್ತಿದ್ದರು. ಅತ್ತೆ ಅಲ್ಲ, ನಾನು ಅಂದೆ. ಮಾತ್ರೆ, ಒಳಲೆ, ಓದದೆ ಬಿಟ್ಟ ಹಾಳೆ, ಎಲ್ಲ ಹೇಳಿದೆ. ಯಾಕೆ ಅಂದರು. ಗುಣವಾಗಲಿ ಅಂತ ಅಂದೆ. ಅದು ಅರ್ಧ ನಿಜ. ಇನ್ನರ್ಧ ತಾನೇ ಬಂತು:

'ಆ ಮೇಡಂಗಿಂತ ಮೊದ್ಲು ನಾನ್ ಗುಣ ಮಾಡ್ಬೇಕು ಅಂತ. ಹತ್ ವರ್ಷ ಆಯ್ತು ನಂಗೆ ಉಬ್ಸ ಸುರುವಾಗಿ. ಒಂದಿನ ಎದ್ದು ಕೂತಿದೀರಾ? ಅದ್ರುದಾದ್ರೆ ಟಾರ್ಚ್ ಇಡ್ಕಂಡು ಕೇಳಿಸ್ಕತೀರ.'

ಇವರು ಬಟ್ಟೆಯನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು.

'ನೀನು ಸಿಸ್ಟರು. ನಿಂದು ನೀನ್ ನೋಡ್ಕತೀಯ ಅನ್ಕಂಡಿದ್ದೆ ರಂಜಿನಿ. ನಂಗ್ ಅದ್ರಲ್ ಏನ್ ಗೊತ್ತು. ಅದ್ಕಾದ್ರೆ ಯಾರೂ ಇರ್ನಿಲ್ಲ.'

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಅತ್ತೆಯ ಪಕ್ಕ ಕೂತರು. ಗಂಟು ಬಿಚ್ಚಿ ಸೀರೆಗಳನ್ನು ತಾವೇ ಟ್ರಂಕಿಗೆ ಇಟ್ಟರು. ಅತ್ತೆ ಬಡಿಸಿದ್ದನ್ನು ಉಂಡರು. ನನ್ನನ್ನು ಊಟಕ್ಕೆ ಕರೆಯಲಿಲ್ಲ.

21 ಡಿಸೆಂಬರ್, ಶುಕ್ರವಾರ. ಬೆಳಿಗ್ಗೆ 5.50

ಚಳಿ. ಐದಕ್ಕೇ ಎದೆ ಹಿಡಿಯಿತು. ಸದ್ದಾಗಬಾರದು ಅಂತ ದಿಂಬು ಒತ್ತಿಕೊಂಡು ಎದ್ದು ಕೂತೆ. ಲೈಟ್ ಹೊತ್ತಿತು. ಇವರು. ಕೈಯಲ್ಲಿ ನನ್ನ ವಾಚು.

ಮಾತಾಡಬೇಡ, ಅಲ್ಲಾಡಬೇಡ ಅಂದರು. ಮುಂದೆ ಕೂತು ನನ್ನ ಎದೆಯನ್ನೇ ನೋಡುತ್ತಾ ತುಟಿಯಲ್ಲಿ ಎಣಿಸಿದರು. ಪೂರ್ತಿ ಒಂದು ನಿಮಿಷ. ಹತ್ತೊಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಅಷ್ಟು ಹೊತ್ತು ನೋಡಿದ್ದಿಲ್ಲ. ಅಭ್ಯಾಸ ಬಲ, ನಾನೂ ಒಳಗೇ ಎಣಿಸಿಕೊಂಡೆ. ಇಪ್ಪತ್ತಮೂರು. ಪರವಾಗಿಲ್ಲ, ಇಳಿಯುತ್ತದೆ.

'ನಲವತ್ತಾರು' ಅಂದರು. ಮುಖ ಬಿಳಿಚಿಕೊಂಡಿತ್ತು.

ಇಲ್ಲ, ತಪ್ಪಿರಬೇಕು, ಹೇಗೆ ಎಣಿಸಿದಿರಿ ಅಂದೆ.

'ಅದ್ರುದ್ ಎಣಿಸ್ದಂಗೇ. ಉಬ್ಬುದ್ರೆ ಒಂದು, ಇಳುದ್ರೆ ಒಂದು.'

ಏರಿಳಿತ ಎರಡೂ ಸೇರಿ ಒಂದು ಉಸಿರು. ಅಂದರೆ ಆ ನಲವತ್ತನಾಲ್ಕು ಇಪ್ಪತ್ತೆರಡು. ಮೊದಲ ದಿನದ ಇಪ್ಪತ್ತನಾಲ್ಕು ಬರೀ ಹನ್ನೆರಡು. ನಲವತ್ತರ ಹತ್ತಿರಕ್ಕೂ ಅದು ಹೋಗಿರಲಿಲ್ಲ. ಆಮೇಲೆ ಏರಿದ್ದೂ ಬಲ್ಬಿನ ಮೇಲೆ ಬಲ್ಬ್ ಹಾಕಿದ ಬಿಸಿಗೆ. ಬಾಯಿ ತೆರೆದದ್ದೂ ಆ ಬಿಸಿಗೇ ಇರಬೇಕು. ಅದಕ್ಕೆ ಏನೂ ಆಗಿರಲಿಲ್ಲ. ಕರೆದಾಗ ಒಂದು ಸಲ ಹೋಗಿ ಬಗ್ಗಿ ಎಣಿಸಿದ್ದರೆ, ಒಂದೇ ಒಂದು ನಿಮಿಷ—

ಇವರು ನೀರು ಕಾಯಿಸಲು ಓಡಿದ್ದಾರೆ. ಬಿಸಿನೀರಿನ ಬ್ಯಾಗ್ ಎಲ್ಲಿ, ಗ್ಯಾಸ್ ಲೈಟರ್ ಎಲ್ಲಿ ಅಂತ ಅತ್ತೆಯನ್ನು ಎಬ್ಬಿಸುತ್ತಿರುವುದು ಕೇಳಿಸುತ್ತಿದೆ. ಏನೋ ಬಿತ್ತು. 'ಅವ್ವ, ನಲವತ್ತಾರು ಕಣವ್ವ ಅವ್ಳಿಗೆ' — ಧ್ವನಿ ನಡುಗುತ್ತಿದೆ. ಈ ನಡುಕ ನನ್ನದು. ಪೂರ್ತಿ ನನಗೇ.

ಹೇಳಬೇಕು. ಇಪ್ಪತ್ತಮೂರೇ ಅಂತ ಹೇಳಿದರೆ ಓಟ್ಟೊಗೆ ಏನೂ ಆಗಿರಲಿಲ್ಲ ಅನ್ನುವುದೂ ಹೇಳಿದ ಹಾಗೆ. ಹೇಳಿದರೆ ಈ ಓಡಾಟವೂ ನಿಲ್ಲುತ್ತದೆ.

ಬಂದರು. ಬ್ಯಾಗ್ ಎದೆಗೆ ಇಟ್ಟರು. ಪುಸ್ತಕ ಕೆಳಗಿಡು, ಇನ್ನೊಂದು ಸಲ ಎಣಿಸುತ್ತೇನೆ ಅನ್ನುತ್ತಿದ್ದಾರೆ. ಎಣಿಸಲಿ. ಇದೊಂದು ಸಲ ಎಣಿಸಿಬಿಡಲಿ, ಆಮೇಲೆ